ಗಲಿಪೊಲಿ, 1915: ಕಕ್ಕಸಿಗೆ ಹಲಗೆ ಸಿಗದ ಸೈನ್ಯ

1915ರ ಸೆಪ್ಟೆಂಬರ್‌ನಲ್ಲಿ ಮೊದಲ ಮಹಾಯುದ್ಧದ ನಡುವೆ, ತುರ್ಕಿಯ ಗಲಿಪೊಲಿ ಪರ್ಯಾಯದ್ವೀಪದ ಆನ್‌ಜಾಕ್ ನೆಲೆಯಲ್ಲಿ ಏಳು ಬೆಟಾಲಿಯನ್‌ಗಳ ಸೈನಿಕರನ್ನು ಸೇನಾ ವೈದ್ಯರು ಪರೀಕ್ಷಿಸಿದರು. ಇವರು ಆಸ್ಪತ್ರೆ ಸೇರಿದ್ದ ರೋಗಿಗಳಲ್ಲ, ಕಂದಕದಲ್ಲಿ ಬಂದೂಕು ಹಿಡಿದು ಪಹರೆ ಮಾಡುತ್ತಿದ್ದವರು, ಲೆಕ್ಕದಲ್ಲಿ ‘ಆರೋಗ್ಯವಂತರು’. ಅವರಲ್ಲಿ ನೂರಕ್ಕೆ 78 ಮಂದಿಗೆ ಭೇದಿ ಇತ್ತು. ಅರ್ಧದಷ್ಟು ಮಂದಿಯ ಹೃದಯ ದುರ್ಬಲವಾಗಿತ್ತು, ಸ್ವಲ್ಪ ಶ್ರಮಕ್ಕೇ ಏದುಸಿರು ಬರುತ್ತಿತ್ತು.

ಆ ವರ್ಷದ ಏಪ್ರಿಲ್ 25ರಂದು ಇದೇ ದಂಡೆಗೆ ಇಳಿದಾಗ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಈ ಪಡೆಗಳ (‘ಆನ್‌ಜಾಕ್’ ಎಂದರೆ ಇವರೇ) ಮೈಕಟ್ಟನ್ನು ನೋಡಿದವರೆಲ್ಲ ಹೊಗಳಿದ್ದರು. ಐದು ತಿಂಗಳಲ್ಲಿ ಅವರನ್ನು ಈ ಸ್ಥಿತಿಗೆ ತಂದದ್ದರಲ್ಲಿ ತುರ್ಕರ ಗುಂಡಿನಷ್ಟೇ ಪಾಲು ಅವರದೇ ಶೌಚಗುಂಡಿಗಳದ್ದು. ಎಂಟೂವರೆ ತಿಂಗಳ ಈ ಕಾರ್ಯಾಚರಣೆಯಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 1,15,000. ಕಾಯಿಲೆ ಬಿದ್ದು ಹಡಗಿನಲ್ಲಿ ಹಿಂದಕ್ಕೆ ಸಾಗಿಸಲ್ಪಟ್ಟವರು ಸುಮಾರು 90,000.

ಮಲದಿಂದ ರೋಗ ಹರಡುತ್ತದೆ ಎಂಬ ತಿಳಿವಳಿಕೆ ಈ ಸೈನ್ಯಕ್ಕೆ ಇರಲಿಲ್ಲವೇ? ಚೆನ್ನಾಗಿಯೇ ಇತ್ತು. ಹಾಗಾಗಿಯೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕು.

ಗೊತ್ತಿದ್ದ ಪಾಠ

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿತ್ತು. ಅಲ್ಲಿ ಗುಂಡಿಗೆ ಸತ್ತವರಿಗಿಂತ ರೋಗಕ್ಕೆ ಸತ್ತವರೇ ಹೆಚ್ಚು. ಅದರಲ್ಲಿ ಟೈಫಾಯ್ಡ್‌ದು ದೊಡ್ಡ ಪಾಲು, ಬ್ಲೂಮ್‌ಫಾಂಟೇನ್ ಶಿಬಿರವಂತೂ ಅದಕ್ಕೇ ಕುಖ್ಯಾತವಾಯಿತು. ಆ ಮೇಲೆ ಸೈನ್ಯ ಎಚ್ಚೆತ್ತಿತು. ಅಧಿಕಾರಿಗಳ ತರಬೇತಿಗೆ ನೈರ್ಮಲ್ಯವೂ ಒಂದು ವಿಷಯವಾಯಿತು. ಬೆಟಾಲಿಯನ್‌ಗಳಲ್ಲಿ ಕಕ್ಕಸು ಮತ್ತು ಕುಡಿಯುವ ನೀರನ್ನು ನೋಡಿಕೊಳ್ಳಲೆಂದೇ ಜನ ನೇಮಕವಾದರು. ಕೈಪಿಡಿಗಳಲ್ಲಿ ಗುಂಡಿಯ ಅಳತೆಯೂ ಇತ್ತು: ಸುಮಾರು ಮೂರಡಿ ಉದ್ದ, ಒಂದಡಿ ಅಗಲ, ಎರಡಡಿ ಆಳ. ಎರಡೂ ಬದಿಗೆ ಕಾಲಿಟ್ಟು ಕೂತು, ಎದ್ದ ಕೂಡಲೇ ಪಕ್ಕದ ಮಣ್ಣನ್ನು ಎಳೆದು ಮುಚ್ಚಬೇಕು. ತುಂಬಿದ ಗುಂಡಿಯನ್ನು ಗಟ್ಟಿಸಿ ಮುಚ್ಚಿ ಇನ್ನೊಂದು ತೋಡಬೇಕು. ಆಲ್ಮ್ರೋತ್ ರೈಟ್ ಅಭಿವೃದ್ಧಿಪಡಿಸಿದ ಟೈಫಾಯ್ಡ್ ಲಸಿಕೆಯನ್ನು ಬಹುಪಾಲು ಸೈನಿಕರು ಹಾಕಿಸಿಕೊಂಡಿದ್ದರು. ಮಲದ ಮೇಲೆ ಕೂತ ನೊಣವೇ ಅನ್ನದ ಮೇಲೂ ಕೂರುತ್ತದೆ, ಸೋಂಕು ಹಾಗೆ ಸಾಗುತ್ತದೆ ಎಂಬುದೂ ವೈದ್ಯರಿಗೆ ಹೊಸ ಸುದ್ದಿಯಾಗಿರಲಿಲ್ಲ.

ಆದರೆ ಈ ಕೈಪಿಡಿಗಳೆಲ್ಲ ಒಂದು ವಿಷಯವನ್ನು ಬಾಯಿಬಿಟ್ಟು ಹೇಳದೆ ನಂಬಿಕೊಂಡಿದ್ದವು: ಸೈನ್ಯ ಮುಂದೆ ಸಾಗುತ್ತಿರುತ್ತದೆ, ಇಲ್ಲವೇ ಅದರ ಬೆನ್ನಿಗೆ ಬೇಕಾದಷ್ಟು ಬಯಲು ಇರುತ್ತದೆ.

ನೆಲವೇ ಇಲ್ಲದ ನೆಲೆ

ಆನ್‌ಜಾಕ್‌ನಲ್ಲಿ ಬೆನ್ನ ಹಿಂದೆ ಇದ್ದದ್ದು ಸಮುದ್ರ. ಏಪ್ರಿಲ್ 25ರ ದಾಳಿ ಮೊದಲ ದಿನವೇ ಗುಡ್ಡಗಳ ನೆತ್ತಿ ತಲುಪಲಾಗದೆ ನಿಂತುಹೋಯಿತು. ಆಗಸ್ಟ್‌ವರೆಗೂ ಆ ಪಡೆಯ ಕೈಯಲ್ಲಿದ್ದ ನೆಲ ಸುಮಾರು 400 ಎಕರೆ. ಉದ್ದ ಹೆಚ್ಚೆಂದರೆ ಎರಡೂವರೆ ಕಿಲೋಮೀಟರ್, ಅಗಲ ಒಂದು ಕಿಲೋಮೀಟರ್‌ನ ಆಸುಪಾಸು. ಅದರಲ್ಲೂ ಬಹುಪಾಲು ಕಡಿದಾದ ಇಳಿಜಾರು ಮತ್ತು ಕೊರಕಲು. ಅಷ್ಟರೊಳಗೆ 20,000ಕ್ಕೂ ಹೆಚ್ಚು ಮಂದಿ ಉಂಡು, ಮಲಗಿ, ಕಾದಾಡಿ, ಸತ್ತು, ಹೂಳಲ್ಪಡಬೇಕಿತ್ತು. ಜೊತೆಗೆ ಹೇಸರಗತ್ತೆಗಳ ಲಾಯ, ಮದ್ದುಗುಂಡಿನ ರಾಶಿ, ಆಹಾರದ ಪೆಟ್ಟಿಗೆಗಳ ಒಟ್ಟಿಲು, ಗಾಯಾಳುಗಳ ಡೇರೆಗಳೂ ಅಲ್ಲೇ.

ಶತ್ರುವಿನ ಕಣ್ಣಿಗೆ ಬೀಳದ ಜಾಗ ಬೇಕು, ಅಡುಗೆ ಮಾಡುವಲ್ಲಿಂದ ದೂರ ಇರಬೇಕು, ನೀರಿನ ತೊಟ್ಟಿಯಿಂದ ಕೆಳಗಿರಬೇಕು, ರಾತ್ರಿ ಕತ್ತಲಲ್ಲಿ ಹೋಗಿಬರುವಂತಿರಬೇಕು. ಇಷ್ಟೂ ಷರತ್ತು ಒಟ್ಟಿಗೆ ಕೂಡಿಬರುವ ಮೂರಡಿ ನೆಲ ಆ ಕೊರಕಲುಗಳಲ್ಲಿ ಅಪರೂಪ. ಗುಡ್ಡದ ಹಿಂಬದಿಯಲ್ಲಿ ಗುಂಡು ತಾಗದ ಪಟ್ಟಿಯೊಂದು ಸಿಕ್ಕಿದರೆ ಅದೇ ಪಟ್ಟಿ ಮಲಗುವ ಗೂಡಿಗೂ ಬೇಕು, ಒಲೆಗೂ ಬೇಕು, ಸತ್ತವರಿಗೂ ಬೇಕು. ಗುಂಡಿಗಳನ್ನು ಬೇಗ ಬೇಗ ತುಂಬಿಸಿ ಮುಚ್ಚಿ ಮುಂದೆ ಹೋಗೋಣವೆಂದರೆ ಮುಂದೆ ಹೋಗಲು ಜಾಗವಿಲ್ಲ. ಹೊಸದಾಗಿ ಅಗೆದಲ್ಲಿ ಹಳೆಯ ಗುಂಡಿಯೋ ಹಳೆಯ ಹೆಣವೋ ಸಿಗುವ ಸ್ಥಿತಿ ಬಂತು.

ಹೆಣಗಳ ವಿಷಯ ಇಲ್ಲಿ ಬಿಟ್ಟುಬಿಡಲಾಗದು. ಮೇ 19ರಂದು ತುರ್ಕಿ ಪಡೆ ಇಡೀ ಸಾಲಿನ ಮೇಲೆ ಏರಿಬಂದು ಸುಮಾರು 3,000 ಮಂದಿಯನ್ನು ಕಳೆದುಕೊಂಡಿತು. ಎರಡು ಸಾಲುಗಳ ನಡುವೆ ಬಿದ್ದಿದ್ದ ಶವಗಳು ಬಿಸಿಲಿಗೆ ಕೊಳೆತು, ಎರಡೂ ಕಡೆಯವರು ತಾಳಲಾರದೆ ಮೇ 24ರಂದು ಕೆಲವು ಗಂಟೆಗಳ ಕದನವಿರಾಮ ಮಾಡಿಕೊಂಡು ಹೂಳಬೇಕಾಯಿತು. ಅವಸರದಲ್ಲಿ ಆಳವಾಗಿ ಹೂಳುವುದು ಸಾಧ್ಯವಿರಲಿಲ್ಲ. ಹೀಗಾಗಿ ಬೇಸಿಗೆ ಏರುವ ಹೊತ್ತಿಗೆ ನೊಣಕ್ಕೆ ಅಲ್ಲಿ ಮೂರು ಕಡೆ ಮೇವು ಸಿದ್ಧವಿತ್ತು: ಹೆಣ, ಲದ್ದಿ, ಮನುಷ್ಯರ ಮಲ. ಲದ್ದಿ ಮತ್ತು ಹೆಣಗಳು ನೊಣದ ಸಂಖ್ಯೆಯನ್ನು ಹೆಚ್ಚಿಸಿದವು. ಆಮಶಂಕೆಯನ್ನು ಹೊತ್ತು ತರಲು ಅದಕ್ಕೆ ಮೂರನೆಯದೇ ಬೇಕು.

ಗಳದ ಮೇಲೆ

ಮುಂಚೂಣಿಯ ಹಿಂದಿನ ಕಕ್ಕಸು ಎಂದರೆ ಉದ್ದನೆಯ ತೆರೆದ ಕಾಲುವೆ, ಅದರ ಮೇಲೆ ಉದ್ದಕ್ಕೆ ಒಂದು ಮರದ ಗಳ. ಹತ್ತಾರು ಮಂದಿ ಆ ಗಳದ ಮೇಲೆ ಸಾಲಾಗಿ, ಮರೆಯಿಲ್ಲದೆ ಕೂರುತ್ತಿದ್ದರು. ನಾಚಿಕೆ ಮೊದಲ ವಾರದಲ್ಲೇ ಬಿಟ್ಟುಹೋಗುತ್ತದೆ. ಬಿಡದೇ ಇದ್ದದ್ದು ಭಯ. ಮೇಲಿನ ಎತ್ತರವೆಲ್ಲ ತುರ್ಕರ ಕೈಯಲ್ಲಿತ್ತು. ಅಡಗಿ ಗುರಿಯಿಡುವವನಿಗಾಗಲಿ, ಗಾಳಿಯಲ್ಲಿ ಸಿಡಿದು ಸೀಸದ ಗುಂಡುಗಳನ್ನು ಎರಚುವ ಶ್ರಾಪ್ನೆಲ್‌ಗಾಗಲಿ ದಿನವೂ ಜನ ಹೋಗಿಬರುವ ಜಾಗವನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಹಾಗಾಗಿ ಕಕ್ಕಸಿಗೆ ಹೋಗುವುದೇ ಒಂದು ಚಿಕ್ಕ ಕಾರ್ಯಾಚರಣೆ. ಆದಷ್ಟು ಬೇಗ ಮುಗಿಸಿ ಬರುವವನು ಮಣ್ಣು ಎಳೆದು ಮುಚ್ಚಲು ನಿಲ್ಲುತ್ತಾನೆಯೇ? ಕೈಪಿಡಿಯ ಮುಖ್ಯ ನಿಯಮ ಗುಂಡಿನ ಸದ್ದಿಗೆ ಸೋತದ್ದು ಇಲ್ಲಿ. ಈ ಹಂತದಲ್ಲಿ ಸೈನಿಕನ ಶಿಸ್ತನ್ನು ದೂರುವವರ ಮಾತಿಗೆ ನಾನು ಬೆಲೆ ಕೊಡಲಾರೆ.

ಆಮಶಂಕೆ ಹಿಡಿದವನ ಪಾಡು ಇನ್ನೂ ಬೇರೆ. ದಿನಕ್ಕೆ ಇಪ್ಪತ್ತು, ಮೂವತ್ತು ಸಲ ರಕ್ತ, ಸಿಂಬಳ ಹೋಗುವ ಮನುಷ್ಯ ಕಡಿದಾದ ದಾರಿಯಲ್ಲಿ ಇಳಿದು ಕಕ್ಕಸಿಗೆ ಹೋಗಿ ಮತ್ತೆ ಹತ್ತಿ ಬರಲಾರ. ಎಷ್ಟೋ ಮಂದಿ ಗುಂಡಿಯ ಪಕ್ಕದಲ್ಲೇ ಮಲಗಿಬಿಡುತ್ತಿದ್ದರು. ನಿಶ್ಶಕ್ತಿಯಿಂದ ಗಳ ಜಾರಿ ಕೆಳಗೆ ಬಿದ್ದವರ, ಹಾಗೆ ಬಿದ್ದು ಸತ್ತವರ ಮಾತು ಬದುಕಿ ಬಂದವರ ನೆನಪುಗಳಲ್ಲಿದೆ. ಅಲ್ಲಿಯವರೆಗೂ ಹೋಗಲಾಗದವರು ಕಂದಕದ ಮೂಲೆಯಲ್ಲೇ ಬಿಸ್ಕತ್ತಿನ ಡಬ್ಬದಲ್ಲಿ ಮುಗಿಸುತ್ತಿದ್ದರು. ತೊಳೆದುಕೊಳ್ಳಲು ನೀರಿಲ್ಲ, ಒರೆಸಿಕೊಳ್ಳಲು ಸಿಕ್ಕ ಕಾಗದವೇ ಗತಿ. ಅದೇ ಕೈಯಲ್ಲಿ ಗಟ್ಟಿ ಬಿಸ್ಕತ್ತು, ಡಬ್ಬದ ಗೋಮಾಂಸ, ಜಾಮ್. ಜಾಮಿನ ಡಬ್ಬದ ಮುಚ್ಚಳ ತೆರೆದ ಕ್ಷಣಕ್ಕೆ ಅದು ಕಪ್ಪಾಗುತ್ತಿತ್ತು ಎಂದು ಅಲ್ಲಿದ್ದವರಲ್ಲಿ ಬರೆಯದವರೇ ಕಡಿಮೆ. ಒಂದು ಕೈಯಲ್ಲಿ ನೊಣ ಓಡಿಸುತ್ತ ಇನ್ನೊಂದು ಕೈಯಲ್ಲಿ ತಿನ್ನುವುದು, ಆದರೂ ಒಂದೆರಡು ನೊಣ ಬಾಯೊಳಗೆ ಹೋಗುವುದು ಮಾಮೂಲಾಯಿತು.

ನೊಣದ ಲೆಕ್ಕ ಸರಳವಾಗಿದೆ, ಕ್ರೂರವಾಗಿಯೂ ಇದೆ. ಒಂದು ಹೆಣ್ಣು ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಬಿಸಿ ಹವೆಯಲ್ಲಿ ಮೊಟ್ಟೆ ಒಂದೇ ದಿನದೊಳಗೆ ಒಡೆದು ಹುಳುವಾಗಿ, ಹತ್ತು ದಿನದ ಆಸುಪಾಸಿನಲ್ಲಿ ಹಾರುವ ನೊಣವಾಗುತ್ತದೆ. ಮೇಲೆ ನಾಲ್ಕು ಸಲಿಕೆ ಸಡಿಲ ಮಣ್ಣು ಹಾಕಿದರೆ ಸಾಲದು, ಹೊಸದಾಗಿ ಹೊರಬಂದ ನೊಣ ಅದನ್ನು ಕೊರೆದುಕೊಂಡು ಮೇಲೆ ಬರಬಲ್ಲದು. ಹಾಗಾಗಿ ತೆರೆದ ಕಾಲುವೆಗೆ ಬ್ಲೀಚಿಂಗ್ ಪುಡಿ, ಕ್ರೆಸಾಲ್ ಎಂಬ ಕ್ರಿಮಿನಾಶಕ ಎರಚುವುದು ವಾಸನೆಯನ್ನು ಕಡಿಮೆ ಮಾಡೀತೇ ಹೊರತು ನೊಣದ ಸಂತತಿಯನ್ನು ನಿಲ್ಲಿಸದು. ನಿಲ್ಲಿಸುವ ದಾರಿ ಆಗಲೇ ತಿಳಿದಿತ್ತು: ಆಳವಾದ ಗುಂಡಿ, ಅದರ ಮೇಲೆ ಸಂದಿಯಿಲ್ಲದಂತೆ ಹೊಂದಿಸಿದ ಹಲಗೆಯ ಪೆಟ್ಟಿಗೆ, ಕೂತವನು ಎದ್ದರೆ ತಾನೇ ಬಿದ್ದು ಮುಚ್ಚಿಕೊಳ್ಳುವ ಮುಚ್ಚಳ. ಬೆಳಕು ಹೋಗದ ಗುಂಡಿಗೆ ನೊಣ ಇಳಿಯುವುದಿಲ್ಲ.

ಹಡಗಿನ ಸರತಿಯಲ್ಲಿ ಹಲಗೆ

ಆ ಪೆಟ್ಟಿಗೆಗೆ ಹಲಗೆ ಬೇಕು. ಗಲಿಪೊಲಿಯ ಆ ಗುಡ್ಡಗಳಲ್ಲಿ ಇದ್ದದ್ದು ಕುರುಚಲು ಪೊದೆ. ತೊಲೆ, ಹಲಗೆ, ಮೊಳೆ, ತಗಡು ಎಲ್ಲವೂ ಸಮುದ್ರ ದಾಟಿ ಬರಬೇಕು. ನೀರೇ ಹಡಗಿನಲ್ಲಿ ಈಜಿಪ್ಟ್‌ನಿಂದ, ಮಾಲ್ಟಾದಿಂದ ಬರುತ್ತಿತ್ತು. ತಲೆಗೆ ದಿನಕ್ಕೆ ಅರ್ಧ ಗ್ಯಾಲನ್, ಅಂದರೆ ಎರಡು ಲೀಟರ್ ಚಿಲ್ಲರೆ, ಅದೂ ಸಿಕ್ಕರೆ. ಕುಡಿಯಲು, ಚಹಾಕ್ಕೆ, ಮುಖಕ್ಕೆ ಎಲ್ಲ ಸೇರಿ ಅಷ್ಟೇ. ದಂಡೆಗೆ ಬಂದ ನೀರನ್ನು ಡಬ್ಬಗಳಲ್ಲಿ ತುಂಬಿ ಕತ್ತಲಲ್ಲಿ ಕೊರಕಲು ಹತ್ತಿಸಿದವರಲ್ಲಿ ಭಾರತೀಯ ಹೇಸರಗತ್ತೆ ದಳದವರು ಮುಖ್ಯರು. ಆ ಕಥೆಯೇ ಬೇರೆ ಬರಹಕ್ಕೆ ಸಾಕಾಗುವಷ್ಟಿದೆ. ಬಂದರಿಲ್ಲ, ತೆರೆದ ದಂಡೆಯಲ್ಲಿ ಸಣ್ಣ ಜೆಟ್ಟಿಗಳು, ಅವುಗಳ ಮೇಲೆ ತುರ್ಕಿ ಫಿರಂಗಿಗಳ ಕಣ್ಣು. ಗಾಳಿ ಎದ್ದರೆ ದೋಣಿ ನಿಲ್ಲುವುದಿಲ್ಲ.

ಇಂಥಲ್ಲಿ ಮರದ ತುಂಡು ಬಂದರೂ ಅದರ ಮೇಲೆ ಹಕ್ಕು ಸಾಧಿಸುವವರು ಹಲವರು. ಕಂದಕದ ಚಾವಣಿಗೆ ಬೇಕು, ಸುರಂಗದವರಿಗೆ ಬೇಕು, ಜೆಟ್ಟಿಗೆ ಬೇಕು, ಚಹಾ ಕಾಯಿಸುವ ಬೆಂಕಿಗೂ ಬೇಕು. ರಾತ್ರಿ ಇಟ್ಟ ಹಲಗೆ ಬೆಳಗ್ಗೆ ಒಲೆಗೆ ಹೋಗಿರುತ್ತಿತ್ತು. ಕಕ್ಕಸಿನ ಪೆಟ್ಟಿಗೆ ಈ ಸರತಿಯ ಕೊನೆಯಲ್ಲಿತ್ತು. ಹಾಗೆ ಇಡಬೇಕೆಂದು ಯಾರೂ ಆದೇಶ ಹೊರಡಿಸಬೇಕಾಗಿರಲಿಲ್ಲ. ಇಂದು ರಾತ್ರಿಯ ದಾಳಿಗೆ ಬಾಂಬು ಬೇಕು, ಹತ್ತು ದಿನದ ನಂತರ ಹುಟ್ಟುವ ನೊಣಕ್ಕೆ ಇಂದು ಹಲಗೆ ಕೊಡಿ ಎಂದು ಕೇಳುವ ವೈದ್ಯಾಧಿಕಾರಿಯ ಮಾತು ಆ ಗದ್ದಲದಲ್ಲಿ ಹಿಂದೆ ಬೀಳುವುದು ಸಹಜವೇ. ಗಲಿಪೊಲಿಯ ಕಕ್ಕಸನ್ನು ವೈದ್ಯರ ವೈಫಲ್ಯ ಎನ್ನುವವರು ಈ ಸರತಿಯನ್ನು ನೋಡಿಲ್ಲ. ಹಲಗೆಯ ಮೇಲೆ ವೈದ್ಯನಿಗೆ ಅಧಿಕಾರವಿರಲಿಲ್ಲ, ಅದು ಸರಬರಾಜಿನವರ ಮತ್ತು ದಂಡನಾಯಕರ ಕೈಯಲ್ಲಿತ್ತು.

ಮಾಲೋನ್ ಮಾಡಿದ್ದು

ಎಲ್ಲ ಕಡೆಯೂ ಒಂದೇ ಪಾಡು ಇರಲಿಲ್ಲ. ಆನ್‌ಜಾಕ್‌ನ ಅತ್ಯಂತ ಅಪಾಯದ ಮೂಲೆ ಕ್ವಿನ್ಸ್ ಪೋಸ್ಟ್. ಅಲ್ಲಿ ಕೆಲವೆಡೆ ತುರ್ಕರ ಕಂದಕ ಹತ್ತು ಮೀಟರ್ ದೂರವೂ ಇರಲಿಲ್ಲ. ಜೂನ್‌ನಲ್ಲಿ ಅದರ ಹೊಣೆ ವೆಲಿಂಗ್ಟನ್ ಬೆಟಾಲಿಯನ್ನಿನ ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಮಾಲೋನ್ ಕೈಗೆ ಬಂತು. ಊರಿನಲ್ಲಿ ವಕೀಲ, ಬೇಸಾಯಗಾರ, ವಯಸ್ಸು ಐವತ್ತು ದಾಟಿತ್ತು. ಅವನು ಬಂದಾಗ ಆ ಜಾಗ ಕಸ, ಕೊಳಕು, ಅರ್ಧ ಹೂತ ಹೆಣಗಳ ಕೊಂಪೆಯಾಗಿತ್ತು. ಅವನು ಮೊದಲು ತುರ್ಕಿ ಗುರಿಕಾರರ ಬಾಯಿ ಮುಚ್ಚಿಸಿದ. ಬಾಂಬು ಒಳಗೆ ಬೀಳದಂತೆ ತಂತಿಬಲೆ ಹೊದಿಸಿದ. ಹಿಂಬದಿಯ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಮಲಗಲು ನೆರಳು ಮಾಡಿಸಿದ. ಕಸ, ಕಕ್ಕಸು, ನಡೆದಾಡುವ ದಾರಿ, ಪ್ರತಿಯೊಂದನ್ನೂ ದಿನವೂ ತಾನೇ ನೋಡುತ್ತಿದ್ದ. ಯುದ್ಧಕಲೆ ಎಂದರೆ ಮನೆವಾರ್ತೆಯ ಗುಣಗಳನ್ನು ರೂಢಿಸಿಕೊಳ್ಳುವುದೇ ಎಂಬರ್ಥದ ಅವನ ಮಾತು ಇಂದಿಗೂ ನೆನಪಿನಲ್ಲಿದೆ. ಸಿಪಾಯಿಗಳು ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಮಾಲೋನ್‌ನ ಕ್ರಮದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಅನುಕ್ರಮ. ಮೊದಲು ಗುಂಡಿನ ಭಯ ಕಡಿಮೆ ಮಾಡಿದ, ಶುಚಿತ್ವವನ್ನು ಆಮೇಲೆ ಕೇಳಿದ. ಪ್ರಾಣಭಯದಲ್ಲಿ ಕೂತವನಿಗೆ ಮಣ್ಣು ಮುಚ್ಚು ಎಂದು ಬೋಧಿಸುವುದು ವ್ಯರ್ಥ ಎಂಬುದು ಅವನಿಗೆ ಅರ್ಥವಾಗಿತ್ತು. ಆದರೆ ಒಬ್ಬ ಒಳ್ಳೆಯ ಅಧಿಕಾರಿಯ ಸಾಧನೆಗೂ ಎಲ್ಲೆ ಇದೆ. ಪಕ್ಕದ ಕೊರಕಲಿನ ತೆರೆದ ಕಾಲುವೆಯಲ್ಲಿ ಹುಟ್ಟಿದ ನೊಣ ಯಾವ ಬೆಟಾಲಿಯನ್ನಿನ ಗಡಿಯನ್ನೂ ಕೇಳುವುದಿಲ್ಲ. ಮಾಲೋನ್ ಆಗಸ್ಟ್ 8ರಂದು ಚುನುಕ್ ಬೈರ್ ಶಿಖರದ ಕಾಳಗದಲ್ಲಿ ಸತ್ತ.

ರೋಗ ಯಾವುದು, ರೋಗಿ ಯಾರು

ವೈದ್ಯಕೀಯದ ಕಡೆ ಎರಡು ತೊಡಕುಗಳಿದ್ದವು. ಮೊದಲನೆಯದು ರೋಗನಿರ್ಣಯ. ಆಮಶಂಕೆಯಲ್ಲಿ ಎರಡು ಬಗೆ, ಅಮೀಬಾದಿಂದ ಬರುವುದು ಒಂದು, ಬ್ಯಾಕ್ಟೀರಿಯಾದಿಂದ ಬರುವುದು ಇನ್ನೊಂದು. ಅಮೀಬಾಕ್ಕೆ ಆಗಲೇ ಒಳ್ಳೆಯ ಔಷಧವಿತ್ತು. ಎಮೆಟಿನ್ ಚುಚ್ಚುಮದ್ದಿನ ಬಳಕೆಯನ್ನು 1912ರಲ್ಲಿ ಕಲ್ಕತ್ತಾದಲ್ಲಿ ಲಿಯೊನಾರ್ಡ್ ರಾಜರ್ಸ್ ತೋರಿಸಿಕೊಟ್ಟಿದ್ದರು. ಗಲಿಪೊಲಿಯಲ್ಲಿ ಶುರುವಿಗೆ ಅಮೀಬಾದ್ದೇ ಎಂದುಕೊಂಡು ಎಮೆಟಿನ್ ಕೊಟ್ಟರು. ಬಹುಪಾಲು ರೋಗ ಬ್ಯಾಕ್ಟೀರಿಯಾದ್ದು ಎಂಬ ಅಭಿಪ್ರಾಯ ಬಲವಾದದ್ದು ಆಮೇಲೆ. ಬ್ಯಾಕ್ಟೀರಿಯಾಕ್ಕೆ ಎಮೆಟಿನ್ ನಾಟದು. ಕಂದಕದಲ್ಲಿ ಸೂಕ್ಷ್ಮದರ್ಶಕವೂ ಪ್ರಯೋಗಶಾಲೆಯೂ ಇರಲಿಲ್ಲ, ತಡವಾಗಿ ತಿಳಿದದ್ದಕ್ಕೆ ಅವರನ್ನು ಬೈಯಲಾಗದು. ಟೈಫಾಯ್ಡ್ ಲಸಿಕೆ ತನ್ನ ಕೆಲಸ ಮಾಡಿತು, ಆದರೆ ಅದರ ಸೋದರಸಂಬಂಧಿ ಪ್ಯಾರಾಟೈಫಾಯ್ಡ್‌ಗೆ ಆ ಲಸಿಕೆಯಲ್ಲಿ ರಕ್ಷಣೆ ಇರಲಿಲ್ಲ. ಮಲದ ದಾರಿಯಲ್ಲೇ ಬರುವ ಆ ಜ್ವರ ಸೈನ್ಯದೊಳಗೆ ಹರಡಿತು.

ಎರಡನೆಯ ತೊಡಕು ಇನ್ನೂ ಕಠಿಣ. ಭೇದಿ ಇರುವವರನ್ನೆಲ್ಲ ಹಿಂದಕ್ಕೆ ಕಳಿಸಿದರೆ ಕಂದಕ ಖಾಲಿಯಾಗುತ್ತದೆ. ಆಗಸ್ಟ್‌ನಲ್ಲಿ ದೊಡ್ಡ ದಾಳಿಯ ಯೋಜನೆಯಿತ್ತು, ಪ್ರತಿ ಬಂದೂಕೂ ಬೇಕಿತ್ತು. ನಿಲ್ಲಲು ಆಗುವವರೆಗೆ ರೋಗಿ ಸಾಲಿನಲ್ಲೇ ಉಳಿದ, ಉಳಿದಷ್ಟು ದಿನವೂ ಅದೇ ಕಾಲುವೆ ಬಳಸಿದ. ರೋಗಿಯೇ ಪಕ್ಕದವನಿಗೆ ಚಹಾ ಕಾಯಿಸಿಕೊಟ್ಟ. ಆಗಸ್ಟ್ 6ರ ರಾತ್ರಿ ಗುಡ್ಡಗಳನ್ನು ಏರಲು ಹೊರಟ ತುಕಡಿಗಳಲ್ಲಿ ಎಷ್ಟೋ ಮಂದಿ ಆಮಶಂಕೆಯಿಂದ ಸೊರಗಿದವರು. ಮೊನಾಷ್ ನೇತೃತ್ವದ ನಾಲ್ಕನೇ ಆಸ್ಟ್ರೇಲಿಯನ್ ಬ್ರಿಗೇಡ್ ಕತ್ತಲಲ್ಲಿ ಕೊರಕಲುಗಳ ನಡುವೆ ದಾರಿ ತಪ್ಪಿ, ದಣಿದು, ಗುರಿ ಮುಟ್ಟಲಿಲ್ಲ. ಆ ಸೋಲಿಗೆ ನಕ್ಷೆ, ನೆಲ, ಯೋಜನೆ ಹೀಗೆ ಹತ್ತು ಕಾರಣಗಳಿವೆ. ಆ ಪಟ್ಟಿಯಿಂದ ಭೇದಿಯನ್ನು ಬಿಡುವ ಇತಿಹಾಸಕಾರರು ಸೈನಿಕನ ಕಾಲುಗಳನ್ನು ಮರೆತಿದ್ದಾರೆ.

ಮುಖ್ಯ ದಂಡನಾಯಕ ಇಯಾನ್ ಹ್ಯಾಮಿಲ್ಟನ್‌ರನ್ನೂ ಈ ಕಾಯಿಲೆ ಬಿಡಲಿಲ್ಲ. ಆಮಶಂಕೆ ಬಂದು, ಸುಮ್ಮನೆ ಮಲಗಿದರೆ ಸಾಕೆನಿಸಿ, ಗ್ರೀಕರು ಟ್ರಾಯ್ ಗೆಲ್ಲಲು ಹತ್ತು ವರ್ಷ ಹಿಡಿದದ್ದು ಇದರಿಂದಲೇ ಇರಬೇಕು ಎಂಬರ್ಥದಲ್ಲಿ ಅವರು ದಿನಚರಿಯಲ್ಲಿ ಬರೆದುಕೊಂಡರು. ಟ್ರಾಯ್ ಇದ್ದದ್ದು ಗಲಿಪೊಲಿಯ ಪಕ್ಕದ ಡಾರ್ಡನೆಲ್ಸ್ ಜಲಸಂಧಿಯ ಆಚೆ ದಡದಲ್ಲಿ.

ಫ್ರಾನ್ಸ್‌ನಲ್ಲಿ ಹೇಗೆ ನಡೆಯಿತು

ಅದೇ ವರ್ಷ ಫ್ರಾನ್ಸ್, ಬೆಲ್ಜಿಯಂನ ಕಂದಕಗಳಲ್ಲೂ ಲಕ್ಷಾಂತರ ಮಂದಿ ಇದ್ದರು. ಅಲ್ಲಿ ಮುಖ್ಯ ಸಾಲಿನಿಂದ ಹಿಂದಕ್ಕೆ ಒಂದು ಸಣ್ಣ ಕವಲು ತೋಡಿ, ಅದರ ತುದಿಯಲ್ಲಿ ಬಕೆಟ್ಟು ಅಥವಾ ಡಬ್ಬ ಇಡುತ್ತಿದ್ದರು. ನೈರ್ಮಲ್ಯದ ಸಿಪಾಯಿಗಳು ರಾತ್ರಿ ಅದನ್ನು ಹೊತ್ತೊಯ್ದು ಹೂತು, ಬ್ಲೀಚಿಂಗ್ ಪುಡಿ ಹಾಕಿ ಮರಳಿ ಇಡುತ್ತಿದ್ದರು. ಇವರನ್ನು ಗೇಲಿ ಮಾಡದವರಿಲ್ಲ, ಆದರೆ ಶೆಲ್ ಬೀಳುವಾಗ ತುಂಬಿದ ಬಕೆಟ್ಟು ಹೊತ್ತು ನಡೆಯುವ ಕೆಲಸಕ್ಕೆ ಬೇಕಾದ ಎದೆಗಾರಿಕೆ ಎಲ್ಲರಿಗೂ ಇರುವಂಥದ್ದಲ್ಲ. ಅಲ್ಲಿಯೂ ಗಬ್ಬು, ಹೇನು, ಭೇದಿ ಎಲ್ಲ ಇದ್ದವು. ಆದರೆ ಗಲಿಪೊಲಿಯಂಥ ಕುಸಿತ ಆಗಲಿಲ್ಲ. ಬೆನ್ನ ಹಿಂದೆ ಒಂದು ದೇಶವಿತ್ತು, ರೈಲಿತ್ತು, ಕ್ಲೋರಿನ್ ಬೆರೆಸಿದ ನೀರಿನ ಬಂಡಿಗಳಿದ್ದವು, ನೊಣದ ಕಾಲ ಚಿಕ್ಕದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಸೈನಿಕರು ಕೆಲವು ದಿನ ಮುಂಚೂಣಿಯಲ್ಲಿದ್ದು ಹಿಂದಿನ ಶಿಬಿರಕ್ಕೆ ಹೋಗಿ ಮೈತೊಳೆದುಕೊಂಡು ಬರುವ ಸರದಿ ಇತ್ತು. ಆನ್‌ಜಾಕ್‌ನಲ್ಲಿ ‘ಹಿಂದೆ’ ಎಂದರೆ ಕಡಲತೀರ. ಅಲ್ಲಿ ಸ್ನಾನ ಮಾಡುವವರ ಮೇಲೂ ಶೆಲ್ ಬೀಳುತ್ತಿತ್ತು. ಆದರೂ ಜನ ನೀರಿಗಿಳಿಯುವುದನ್ನು ಬಿಡಲಿಲ್ಲ.

ಚಳಿ ಬಂದ ಮೇಲೆ

ಶರತ್ಕಾಲದಲ್ಲಿ ಹಲಗೆ ಒಂದಿಷ್ಟು ಬಂತು, ಮುಚ್ಚಳದ ಕಕ್ಕಸುಗಳು ಎದ್ದವು. ದಣಿದ ತುಕಡಿಗಳನ್ನು ಸರದಿಯಲ್ಲಿ ಲೆಮ್ನೋಸ್ ದ್ವೀಪಕ್ಕೆ ಕಳಿಸಿ ವಿಶ್ರಾಂತಿ ಕೊಟ್ಟರು. ನೊಣದ ಕಾಟ ನಿಜಕ್ಕೂ ಇಳಿಸಿದ್ದು ಚಳಿ. ನವೆಂಬರ್ ಕೊನೆಗೆ ಬಂದ ಬಿರುಗಾಳಿ, ಮಳೆ, ಹಿಮ ನೊಣಗಳನ್ನು ಮುಗಿಸಿತು, ಆನ್‌ಜಾಕ್‌ನ ಉತ್ತರಕ್ಕಿದ್ದ ಸುವ್ಲಾ ನೆಲೆಯ ಕಂದಕಗಳಲ್ಲಿ ಮನುಷ್ಯರನ್ನೂ ಮುಳುಗಿಸಿ, ಹೆಪ್ಪುಗಟ್ಟಿಸಿ ಕೊಂದಿತು. ಡಿಸೆಂಬರ್ 20ರ ನಸುಕಿಗೆ ಆನ್‌ಜಾಕ್ ಮತ್ತು ಸುವ್ಲಾ ಖಾಲಿಯಾದವು. 1916ರ ಜನವರಿ 9ರಂದು ಪರ್ಯಾಯದ್ವೀಪದ ದಕ್ಷಿಣ ತುದಿಯ ಹೆಲ್ಲೆಸ್ ನೆಲೆಯಿಂದ ಕೊನೆಯವರು ಹೊರಟರು.

1916ರಿಂದ ಟೈಫಾಯ್ಡ್ ಜೊತೆಗೆ ಎರಡು ಬಗೆಯ ಪ್ಯಾರಾಟೈಫಾಯ್ಡ್‌ಗೂ ರಕ್ಷಣೆ ಕೊಡುವ ಲಸಿಕೆ ಬಳಕೆಗೆ ಬಂತು. ಗಲಿಪೊಲಿಯ ಆ ಬೇಸಿಗೆಯ ಇಪ್ಪತ್ತೇಳು ವರ್ಷಗಳ ನಂತರ, 1942ರಲ್ಲಿ, ಅದೇ ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನ್ಯ ಈಜಿಪ್ಟ್‌ನ ಎಲ್ ಅಲಮೈನ್ ಮರಳಿನಲ್ಲಿ ಜರ್ಮನ್ ದಂಡನಾಯಕ ರೊಮ್ಮೆಲ್ ಪಡೆಯ ಎದುರು ನಿಂತಿತ್ತು. ಬಿಸಿಲು ಅಂಥದ್ದೇ, ನೊಣ ಅಂಥದ್ದೇ. ಈ ಸಲ ಕಕ್ಕಸಿನ ಪೆಟ್ಟಿಗೆ, ಮಣ್ಣು ಮುಚ್ಚುವ ನಿಯಮ, ಅದನ್ನು ಪಾಲಿಸದಿದ್ದರೆ ತುಕಡಿಯ ಅಧಿಕಾರಿಯನ್ನೇ ಹೊಣೆ ಮಾಡುವ ಪದ್ಧತಿ ಎಲ್ಲ ಜಾರಿಯಲ್ಲಿತ್ತು. ಎದುರಾಳಿಗಳ ಕಡೆ ಆಮಶಂಕೆ ಬಹಳ ಹೆಚ್ಚಿತ್ತು. ಅವರಿಂದ ವಶಪಡಿಸಿಕೊಂಡ ನೆಲೆಗಳನ್ನು ಹೊಕ್ಕ ಬ್ರಿಟಿಷ್ ವೈದ್ಯಾಧಿಕಾರಿಗಳು ನೆಲದ ಮೇಲೆ ಬಿದ್ದಿದ್ದ ಮಲವನ್ನು ನೋಡಿಯೇ ಶತ್ರುವಿನ ನೆಲೆ ಎಲ್ಲಿತ್ತೆಂದು ಹೇಳಬಹುದೆಂದು ವರದಿ ಮಾಡಿದರು. ಆ ನೆಲೆಗಳಲ್ಲಿ ಬೀಡುಬಿಟ್ಟ ತಮ್ಮವರಲ್ಲೂ ಆಮಶಂಕೆ ಏರಿದಾಗ ಅಲ್ಲಿನ ನೆಲವನ್ನು ಮೊದಲು ಗುಡಿಸಿ, ಹೂತು, ಆಮೇಲೆ ಒಲೆ ಹೂಡಬೇಕಾಯಿತು.